ಡ್ರೈವರ್ ದೊಡ್ಡಪ್ಪ ಬಣ್ಣ ಬಳಿದ ಮಂಚ

ಡ್ರೈವರ್ ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರಿಗೆ ಸ್ವಂತ ಬಣ್ಣವೆಂಬುದೇ ಇರಲಿಲ್ಲ. ಒಂದು ವಾರ ಕೆಂಪು, ಇನ್ನೊಂದು ವಾರ ಹಸಿರು, ದಸರಾ ಹೊತ್ತಿಗೆ ಬೆಳ್ಳಿ. ತೀರ್ಥಹಳ್ಳಿಗೂ ಸಾಗರಕ್ಕೂ ನಡುವೆ ಖಾಸಗಿ ಬಸ್ಸು ಓಡಿಸಿ ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಬಣ್ಣ ಬಳಿಯುವ ಹುಚ್ಚು ಹಿಡಿಯಿತು. ರಿಪ್ಪನ್‌ಪೇಟೆಯ ನಮ್ಮ ಬೀದಿಯಲ್ಲಿ ಅಲ್ಲಾಡದೆ ನಿಂತಿದ್ದು ಏನು ಕಂಡರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಗೇಟು, ತುಳಸಿಕಟ್ಟೆ, ಬಾವಿಯ ರಾಟೆ, ಕೊನೆಗೆ ನಮ್ಮ ಮನೆಯ ಕರೆಂಟು ಮೀಟರಿನ ಡಬ್ಬಿ. ಕೆಲಸ ನಾಜೂಕು ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ಬಣ್ಣ ಅಲ್ಲಲ್ಲಿ ಇಳಿದು ಗಟ್ಟಿಯಾಗಿರುತ್ತಿತ್ತು, ಬ್ರಷ್ಷಿನ ಕೂದಲು ಅಂಟಿಕೊಂಡಿರುತ್ತಿತ್ತು.

"ದೊಡ್ಡಪ್ಪ, ಈ ಗೇಟಿಗೆ ಗಡ್ಡ ಬಂದಿದೆ ನೋಡಿ" ಎಂದು ನಾನು ಒಮ್ಮೆ ಹಂಗಿಸಿದೆ.

"ಇರ್ಲಿ ಬಿಡೆ ಮಾರಾಯ್ತಿ. ನೀನು ಹೊಲ್ದ ಬ್ಲೌಸಿಗಿಂತ ನೆಟ್ಟಗಿದೆ."

ನನ್ನದು ಪೇಟೆಯಲ್ಲಿ ಹೊಲಿಗೆ ಅಂಗಡಿ. ಅವರು ನನಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವರು. ಮದುವೆಯಾಗಿ ಬಂದ ಹೊಸದರಲ್ಲಿ ತವರಿನ ನೆನಪಾಗಿ ಬಾವಿಕಟ್ಟೆಯಲ್ಲಿ ಅಳುತ್ತಿದ್ದಾಗ, ಕಾಂಪೌಂಡಿನ ಆಚೆಯಿಂದ ಬಾಯಲ್ಲೇ ಬಸ್ಸಿನ ಹಾರನ್ ಹೊಡೆದು ನನ್ನನ್ನು ಬೆಚ್ಚಿಬೀಳಿಸಿದ್ದರು. ನಾನು ಅಳುವುದನ್ನು ಮರೆತು ಬೈದೆ. ಆವತ್ತಿನಿಂದ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ.

ನಮಗೆ ಮಕ್ಕಳಾಗಲಿಲ್ಲ. ಶಿವಮೊಗ್ಗದ ಒಂದು ಮಕ್ಕಳ ಮನೆಯಿಂದ ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ದತ್ತು ತರುವುದೆಂದು ತೀರ್ಮಾನವಾದಾಗ ಜನ ಕೇಳಿದ ಪ್ರಶ್ನೆಗಳು ಅಷ್ಟಿಷ್ಟಲ್ಲ. ಯಾರ ಮಗುವಂತೆ, ಯಾವ ಜಾತಿಯಂತೆ, ಅಷ್ಟು ಬೆಳೆದದ್ದು ಹೊಂದಿಕೊಳ್ಳುತ್ತದಾ? ನಮ್ಮತ್ತೆ ಏನೂ ಕೇಳದೆ ದೇವರ ಮುಂದೆ ಹೋಗಿ ಕೂತರು. ಅದು ಪ್ರಶ್ನೆಗಿಂತ ಹೆಚ್ಚು ಚುಚ್ಚಿತು.

ದೊಡ್ಡಪ್ಪನಿಗೆ ಹೇಳುವಾಗ ನಾನು ಜಗಳಕ್ಕೇ ತಯಾರಾಗಿ ಹೋಗಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಎಷ್ಟು ವರ್ಷ ಅಂದೆ?"

"ನಾಲ್ಕು."

"ಹಂಗಾರೆ ತೊಟ್ಲು ಬೇಡ. ಮಂಚ ಬೇಕು."

ಅಷ್ಟೇ. ಇನ್ನೊಂದು ಮಾತಿಲ್ಲ. ಊರೆಲ್ಲ ಮಗು ಎಲ್ಲಿಂದ ಬರುತ್ತದೆಂದು ಕೇಳುತ್ತಿದ್ದಾಗ, ಅದು ಎಲ್ಲಿ ಮಲಗುತ್ತದೆಂದು ಯೋಚಿಸಿದವರು ಅವರೊಬ್ಬರೇ.

ಆಚಾರಿಯನ್ನು ಹಿಡಿದು ತಂದು ಪುಟ್ಟ ಮಂಚದ ಚೌಕಟ್ಟು ಮಾಡಿಸಿದವರೂ ಅವರೇ. ಮರಕ್ಕೆ ಪಾಲಿಶ್ ಸಾಕು ಎಂದು ಇವರು, ಅಂದರೆ ನನ್ನ ಯಜಮಾನರು, ಮೆಲ್ಲಗೆ ಹೇಳಿ ನೋಡಿದರು. "ಪಾಲಿಶ್ ದೊಡ್ಡೋರಿಗೆ. ಮಗುಗೆ ಬಣ್ಣ" ಎಂದು ದೊಡ್ಡಪ್ಪ ಹಳದಿ ಡಬ್ಬಿ ತಂದೇಬಿಟ್ಟರು. ಶ್ರಾವಣದ ಮಳೆ ಹೊರಗೆ. ನಮ್ಮ ಹಜಾರವೇ ಅವರ ಗ್ಯಾರೇಜಾಯಿತು. ಉಪ್ಪು ಕಾಗದ ಹಾಕಿ ಉಜ್ಜಿ ಉಜ್ಜಿ, ಕೊನೆಗೆ ಕೆನ್ನೆಯನ್ನೇ ಅಂಚಿಗೆ ಒತ್ತಿ ಸವರಿ ನೋಡುತ್ತಿದ್ದರು. ಕೈ ದಪ್ಪಗಾಗಿದೆ, ಅದಕ್ಕೆ ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಒಂದು ಮಧ್ಯಾಹ್ನ ಅಂಗಡಿಯಿಂದ ಬಂದು ನೋಡುತ್ತೇನೆ, ಆರಡಿ ಆಳು ಮಂಚದ ಅಡಿಯಲ್ಲಿ ಅಂಗಾತ ಮಲಗಿ, ಮೂಗಿನ ಮೇಲೆ ಹಳದಿ ತೊಟ್ಟಿಕ್ಕಿಸಿಕೊಂಡು, ಅಡಿಭಾಗಕ್ಕೆ ಬಣ್ಣ ಬಳಿಯುತ್ತಿದ್ದಾರೆ.

"ಅದು ಯಾರಿಗೆ ಕಾಣ್ತದೆ ದೊಡ್ಡಪ್ಪ?"

"ಮಕ್ಳು ಮಂಚದ ಮೇಲಿರೋದಕ್ಕಿಂತ ಅಡಿಗೇ ಜಾಸ್ತಿ ಇರೋದು. ಹೊಸ ಜಾಗ ಬೇರೆ. ಹೆದ್ರಿಕೆ ಆದ್ರೆ ಎಲ್ಲಿಗೆ ಹೋಗ್ತದೆ ಹೇಳು?"

ಮಗುವಿನ ಮಂಚ ಎಂದರೆ ಚಂದದ ಚಾದರ ಎಂದಷ್ಟೇ ನಾನು ಅಂದುಕೊಂಡಿದ್ದೆ. ಆ ಮಗು ಹೆದರಬಹುದು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮಳೆಗೆ ಬಣ್ಣ ಬೇಗ ಒಣಗದು. ಮಗುವನ್ನು ಕರೆತರುವ ಹಿಂದಿನ ಸಂಜೆ ಕೊನೆಯ ಕೋಟು ಹೊಡೆದು, ಟೇಬಲ್ ಫ್ಯಾನು ತಿರುಗಿಸಿಟ್ಟು, "ನಾಳೆ ನೀವು ಶಿವಮೊಗ್ಗದಿಂದ ವಾಪಸ್ ಬರೋದ್ರೊಳಗೆ ಒಣಗಿರ್ತದೆ. ಬರೀ ಮುಟ್ಟಿ ಮುಟ್ಟಿ ನೋಡ್ಬೇಡಿ" ಎಂದು ಗದರಿಸಿ ಹೋದರು.

ಬೆಳಿಗ್ಗೆ ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ದೊಡ್ಡಮ್ಮ ಕಾಂಪೌಂಡಿನ ಆಚೆಯಿಂದ ಇವರ ಹೆಸರು ಹಿಡಿದು ಕೂಗಿದರು. ಕೂಗಿದ ರೀತಿಗೇ ನಾನು ಅರ್ಧ ಜಡೆಯಲ್ಲೇ ಎದ್ದೆ. ನಾವು ಓಡಿಹೋದಾಗ ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕಾಫಿ ಲೋಟ ಉರುಳಿತ್ತು. ಇವರು ಎದೆ ಒತ್ತಿದರು, ದೊಡ್ಡಪ್ಪ, ದೊಡ್ಡಪ್ಪ ಎಂದು ಕರೆದರು, ಡಾಕ್ಟರೂ ಬಂದರು. ಎಲ್ಲ ಮುಗಿದುಹೋಗಿತ್ತು. ನಿನ್ನೆ ಸಂಜೆ ನನ್ನನ್ನು ಗದರಿಸಿದ ಮನುಷ್ಯ! ನನಗೆ ಅಳು ಬರಲಿಲ್ಲ. ಇದು ಸುಳ್ಳು, ಇದು ಸುಳ್ಳು ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು.

ಮನೆಗೆ ಬಂದರೆ ಫ್ಯಾನು ಇನ್ನೂ ಮಂಚದ ಕಡೆಗೆ ತಿರುಗುತ್ತಿತ್ತು.

ನಮ್ಮ ಕಡೆ ಬೀದಿಯಲ್ಲಿ ಸಾವಾದರೆ ಹೆಣ ಹೊರಡುವ ತನಕ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲ. ಇನ್ನು ಹೊಸ ಮಗುವನ್ನು ಮನೆ ತುಂಬಿಸಿಕೊಳ್ಳುವ ಮಾತೆಲ್ಲಿ? ದೊಡ್ಡಪ್ಪನ ಮಗಳು ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ಬರಬೇಕಿತ್ತು, ಮಧ್ಯಾಹ್ನ ದಾಟುವ ಮುಂಚೆ ಹೆಣ ಎತ್ತುವ ಹಾಗಿರಲಿಲ್ಲ. "ಹೆಣ ಪಕ್ದಲ್ಲಿಟ್ಕೊಂಡು ಮಗೂನ ಒಳಗೆ ಕರ್ಕೊಳ್ಳೋದಾ? ಬೇಡ, ಅದಕ್ಕೂ ಒಳ್ಳೇದಲ್ಲ" ಎಂದರು ಅತ್ತೆ. ನೆರೆದವರೆಲ್ಲ ಹೌದೆಂದರು. ನನಗೂ ಅದೇ ಸರಿ ಎನಿಸಿತು. ಮಕ್ಕಳ ಮನೆಗೆ ಫೋನು ಮಾಡಿದೆ.

ಅಲ್ಲಿನ ಮೇಲ್ವಿಚಾರಕಿ ಹೇಳಿದರು: "ಮುಂದಿನ ವಾರ ಬರಬಹುದು ಮೇಡಂ. ಆದ್ರೆ ಅವಳು ಎದ್ದಾಗಿಂದ ಚೀಲ ಹಿಡ್ಕೊಂಡು ಬಾಗಿಲಲ್ಲೇ ಕೂತಿದಾಳೆ. ಹಿಂದೆ ಒಂದು ಸಲ ಕರ್ಕೊಂಡು ಹೋಗ್ತೀವಿ ಅಂದೋರು ಬರ್ಲೇ ಇಲ್ಲ."

ನಾನು ಫೋನು ಹಿಡಿದು ದೊಡ್ಡಪ್ಪನ ಮನೆಯ ಅಂಗಳಕ್ಕೆ ವಾಪಸ್ ಬಂದೆ. ಅಷ್ಟು ಜನರ ನಡುವೆ ದೊಡ್ಡಮ್ಮ ಹೆಣದ ತಲೆಯ ಬಳಿ ಕೂತಿದ್ದರು, ಒಂದು ಹನಿ ಕಣ್ಣೀರಿಲ್ಲದೆ. ತಲೆ ಎತ್ತಿ ನನ್ನನ್ನು ನೋಡಿದರು.

"ನೀವಿನ್ನೂ ಹೊರಟಿಲ್ವಾ?"

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ದೊಡ್ಡಮ್ಮ, ಇವತ್ತು ಹೇಗೆ..."

"ಮಗು ಕಾಯ್ತಾ ಇರೋದಿಲ್ವೇನೇ? ಹೋಗಿ ಕರ್ಕೊಂಡು ಬಾ. ಇವ್ರಿನ್ನು ಎಲ್ಲಿಗೂ ಹೋಗೋದಿಲ್ಲ."

ನಾವಿಬ್ಬರೂ ಆ ಕೂಡಲೇ ಶಿವಮೊಗ್ಗಕ್ಕೆ ಹೊರಟೆವು. ಹುಡುಗಿಯನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ವಾಪಸ್ ಬರುವಾಗ ಫೋನಿನಲ್ಲಿ ಮಂಚದ ಚಿತ್ರ ತೋರಿಸಿದೆ, ಒಬ್ಬ ಅಜ್ಜ ನಿನಗಾಗಿ ಬಳಿದದ್ದು ಎಂದು. ಅವಳು ಬಹಳ ಹೊತ್ತು ನೋಡಿದಳು. ಬೀದಿಗೆ ತಿರುಗಿದಾಗ ದೊಡ್ಡಪ್ಪ ಇನ್ನೂ ಅಂಗಳದಲ್ಲೇ ಇದ್ದರು, ಅವರ ಮಗಳು ಆಗಷ್ಟೇ ಬಂದು ಮುಟ್ಟಿದ್ದಳು. ಹೆಣ ಹೊರಡುವ ತನಕ ಕಾರಿನಲ್ಲೇ ಕೂರೋಣ ಎಂದರು ಇವರು. ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ದೊಡ್ಡಮ್ಮ ಎದ್ದು ನಡೆದು ಬರುತ್ತಿದ್ದರು. ಗಂಡನ ಹೆಣ ಬಿಟ್ಟು ಬೀದಿಗೆ ಬಂದ ಹೆಂಗಸನ್ನು ನಮ್ಮ ಬೀದಿ ಯಾವತ್ತೂ ನೋಡಿರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಮ್ಮ ಕಾರಿನ ಬಾಗಿಲು ತೆಗೆದು ಹುಡುಗಿಯನ್ನು ಇಳಿಸಿಕೊಂಡರು.

ಹುಡುಗಿ ಜನರನ್ನು ನೋಡಿದಳು, ಹೂವು ಮುಚ್ಚಿದ ದೊಡ್ಡಪ್ಪನನ್ನು ನೋಡಿದಳು. "ಅದು ಯಾರು?"

"ನಿನ್ನ ಮಂಚಕ್ಕೆ ಬಣ್ಣ ಬಳಿದ ಅಜ್ಜ, ಪುಟ್ಟಿ. ಬೆಳಿಗ್ಗೆ ತೀರ್ಕೊಂಡ್ರು" ಎಂದರು ದೊಡ್ಡಮ್ಮ.

ಹುಡುಗಿ ಅವರ ಮುಖ ನೋಡಿದಳು. "ಪೂರ್ತಿ ಬಳಿದಿದ್ರಾ?"

"ಹ್ಞೂಂ ಮಗ. ಪೂರ್ತಿ" ಎಂದ ದೊಡ್ಡಮ್ಮ ಅಲ್ಲೇ ನೆಲಕ್ಕೆ ಕೂತು, ಆ ಮಗುವನ್ನು ಅವುಚಿಕೊಂಡು, ಬೀದಿಗೆ ಬೀದಿಯೇ ನಡುಗುವ ಹಾಗೆ ಅತ್ತುಬಿಟ್ಟರು. ಹುಡುಗಿ ಹೆದರಲಿಲ್ಲ. ಚೀಲವನ್ನು ಕೆಳಗಿಟ್ಟು ಅವರ ಬೆನ್ನು ಸವರಿದಳು.

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ದೊಡ್ಡಪ್ಪ ಸತ್ತರೆಂಬುದಕ್ಕಲ್ಲ, ಇನ್ನೇನು ನಾನೂ ಬಾರದೆ ಹೋದವರ ಸಾಲಿಗೆ ಸೇರುತ್ತಿದ್ದೆನಲ್ಲ ಎಂಬುದಕ್ಕೆ. ಮಗಳು ನಮ್ಮ ಮನೆಗೆ ಬಂದ ದಿನವೂ ಅವರ ತಿಥಿಯೂ ಒಂದೇ. ಸಾವಿನ ದಿನ ಸಿಹಿ ಮಾಡುವುದು ಹೇಗೆ ಎಂದು ಮೊದಲ ವರ್ಷ ಅತ್ತೆ ಅನುಮಾನಿಸುತ್ತ ಕೇಳಿದ್ದರು. ದೊಡ್ಡಮ್ಮನೇ ಅದಕ್ಕೆ ದಾರಿ ಹುಡುಕಿದರು. ಆ ದಿನ ದೊಡ್ಡಪ್ಪನಿಗೆ ಎಡೆ ಇಟ್ಟು, ಪಾಯಸದ ಮೊದಲ ಬಟ್ಟಲನ್ನು ಅವರೇ ಕಾಂಪೌಂಡಿನ ಮೇಲಿಂದ ಚಾಚುತ್ತಾರೆ. ಅದನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುವುದು ನನ್ನ ಮಗಳು.