ನನಗೆ ಕೊಡದ ಮದ್ದು

ಮೈಮೇಲೆ ಬಂತು, ಕಣ್ಣಿಗೆ ಕಂಡಿತು ಎನ್ನುವವರನ್ನು ನಾನು ಎದುರೇ ಬೈದವಳು. ಸತ್ತ ಗಂಡನ ಕೆಮ್ಮು ಕೇಳಿಸುತ್ತದೆ ಎಂದ ನಾದಿನಿಗೆ, ಕಿವಿಗೆ ಎಣ್ಣೆ ಬಿಡು ಎಂದಿದ್ದೆ. ಇದನ್ನು ಓದಿ ನೀವು ನನಗೂ ಹಾಗೆಯೇ ಹೇಳಬಹುದು. ಹೇಳಿ. ಆದದ್ದನ್ನು ಆಗಲಿಲ್ಲ ಎಂದು ಬರೆಯಲು ನನ್ನಿಂದಾಗದು.

ಮೂರು ವರ್ಷದ ಹಿಂದಿನ ಮಾತು. ನನ್ನ ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹೋಗಿತ್ತು. ಇದ್ದ ಮದ್ದೆಲ್ಲ ಮುಗಿಯಿತು, ಇನ್ನು ಮನೆಯಲ್ಲಿರಿ ಎಂದರು. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದವಳು ನಾನು. ಸುಮ್ಮನೆ ಕುಳಿತು ಸಾಯುವುದು ನನಗೆ ಗೊತ್ತಿಲ್ಲ. ಒಂದು ಆಸ್ಪತ್ರೆಯಲ್ಲಿ ಹೊಸ ಮದ್ದಿನ ಪರೀಕ್ಷೆ ಉಂಟೆಂದು ತಿಳಿಯಿತು. ಮಕ್ಕಳು ಬೇಡವೆಂದರೂ ನಮ್ಮೂರು ಪಡೀಲಿನಿಂದ ಬಸ್ಸು ಹತ್ತಿ ಹೋದೆ.

ಅಲ್ಲಿಯ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಗುಣವಾಗುತ್ತದೋ ಇಲ್ಲವೋ ಗೊತ್ತಿಲ್ಲ, ಮನುಷ್ಯರ ಮೈ ಇದನ್ನು ಎಷ್ಟು ತಡೆಯುತ್ತದೆ ಎಂದು ನೋಡಲಿಕ್ಕೆ ಈಗ ಕೊಡುವುದು ಎಂದರು. ಒಬ್ಬರಿಗೆ ಕೊಟ್ಟು ನಾಲ್ಕು ದಿನ ಕಾಯುತ್ತಾರೆ, ತೊಂದರೆ ಇಲ್ಲದಿದ್ದರೆ ಮಾತ್ರ ಮುಂದಿನವರಿಗೆ. ಕಾಗದವನ್ನೆಲ್ಲ ಓದಿಸಿ, ಕ್ಯಾಮರಾದ ಎದುರು ಒಪ್ಪಿಗೆ ಕೇಳಿದರು. ಒಪ್ಪಿದೆ ಎಂದೆ. ಹೆಸರನ್ನು ನಾನೇ ಬರೆದೆ.

ನನಗಿಂತ ಮೊದಲಿನ ಸರದಿ ಕುದ್ರೋಳಿಯ ಐಸಮ್ಮನದು. ರಕ್ತ ತೆಗೆಯುವ ದಿನ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ನನಗಿಂತ ಹತ್ತು ವರ್ಷ ಸಣ್ಣವಳು, ಬಾಯಿ ಮಾತ್ರ ನನ್ನದಕ್ಕಿಂತ ದೊಡ್ಡದು. "ಇವರು ಇಷ್ಟು ರಕ್ತ ತೆಗೆದ್ರೆ ಕ್ಯಾನ್ಸರಿಗೆ ಕುಡೀಲಿಕ್ಕೆ ಎಂತ ಉಳೀತದೆ ಅಕ್ಕ?" ಎಂದು ನಗಿಸಿದಳು. ಫೋನ್ ನಂಬರು ಅವಳು ಕೊಡಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಅವಳನ್ನು ನೋಡಿರಲೂ ಇಲ್ಲ.

ಅವಳಿಗೆ ಮದ್ದು ಕೊಟ್ಟ ಐದನೆಯ ದಿನ ನನ್ನನ್ನು ಕರೆದರು. ಬೆಳಿಗ್ಗೆ ಹತ್ತೂವರೆ ಇರಬೇಕು. ಕೈಗೆ ಸೂಜಿ ಹಾಕಿ ಬರೀ ಉಪ್ಪುನೀರು ಬಿಟ್ಟಿದ್ದರು. ಮದ್ದಿನ ಚೀಲ ಇನ್ನೂ ಬಂದಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ನಾಲಗೆಯ ಎಡಭಾಗ ಸತ್ತುಹೋಯಿತು. ಕಚ್ಚಿದೆ, ಗೊತ್ತಾಗಲಿಲ್ಲ. ಎಡಗೈಯ ಕೊನೆಯ ಎರಡು ಬೆರಳು ಮಂಜುಗಡ್ಡೆಯಲ್ಲಿಟ್ಟ ಹಾಗೆ ತಣ್ಣಗಾದವು. ಎದೆ ನಾಲ್ಕು ಸಲ ಬಡಿಯುವುದು, ಒಂದು ಸಲ ನಿಲ್ಲುವುದು.

ಹೇಳಿದರೆ ಇವತ್ತು ಮದ್ದಿಲ್ಲ, ಆಮೇಲೆ ಹೆಸರನ್ನೇ ತೆಗೆದರೂ ತೆಗೆದಾರು. ನನಗೆ ಬೇರೆ ಮದ್ದೂ ಇರಲಿಲ್ಲ. ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕುಳಿತೆ. ಮತ್ತೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಕಳ್ಳಿಯ ಹಾಗೆ ಬದುಕಿ ಎಂತ ಮಾಡುವುದು? ನರ್ಸನ್ನು ಕರೆದು ಎಲ್ಲವನ್ನೂ ಹೇಳಿದೆ. ಅವಳು ಎದೆಯ ಇಸಿಜಿ ತೆಗೆದಳು, ಅದು ಸರಿಯಾಗಿಯೇ ಇತ್ತು. ಡಾಕ್ಟರು ಬಂದು ನಕ್ಕರು.

"ಅಜ್ಜಿ, ನಿಮಗೆ ಮದ್ದೇ ಕೊಡ್ಲಿಲ್ಲ. ಅದು ಉಪ್ಪುನೀರು."

"ನನಗೆ ಕೊಡದಿದ್ರೆ ಕೊಟ್ಟವಳನ್ನು ಕೇಳಿ. ಆ ಐಸಮ್ಮನನ್ನು."

"ಬೆಳಿಗ್ಗೆ ಫೋನ್ ಮಾಡಿದ್ದೇವೆ. ಎಂತದೂ ತೊಂದರೆ ಇಲ್ಲ ಅಂದ್ರು."

"ನಾನಾದ್ರೂ ಹಾಗೇ ಹೇಳ್ತಿದ್ದೆ ಡಾಕ್ಟ್ರೆ. ಯಾರನ್ನಾದ್ರೂ ಕಳಿಸಿ ನೋಡಿ. ಅಲ್ಲಿಯವರೆಗೆ ಆ ಚೀಲ ನನ್ನ ಹತ್ತಿರ ತರಬೇಡಿ."

ಅವಳ ಹೆಸರು ನನ್ನ ಬಾಯಿಗೆ ಯಾಕೆ ಬಂತೋ ಇವತ್ತಿಗೂ ತಿಳಿಯದು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ನನ್ನ ನಾಲಗೆ ಸರಿಯಾಯಿತು, ಬೆರಳು ಬೆಚ್ಚಗಾದವು. ಆದರೂ ನಾನು ಹಟ ಬಿಡಲಿಲ್ಲ. ಕೊನೆಗೆ ಬೇಸತ್ತು ಒಬ್ಬರನ್ನು ಕುದ್ರೋಳಿಗೆ ಕಳಿಸಿದರು.

ಐಸಮ್ಮ ಅಡುಗೆ ಮಾಡುತ್ತಿದ್ದಳಂತೆ. ಎಡಗೈಯ ಎರಡು ಬೆರಳು ಬಾಣಲೆಗೆ ತಾಗಿ ಸುಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ನಾಲಗೆಯ ಎಡಭಾಗಕ್ಕೆ ಎರಡು ದಿನದಿಂದ ರುಚಿಯೂ ಇಲ್ಲ, ನೋವೂ ಇಲ್ಲ. ಹೇಳಿದರೆ ಮುಂದಿನ ಸಲದ ಮದ್ದು ನಿಲ್ಲಿಸುತ್ತಾರೆಂದು ಮುಚ್ಚಿಟ್ಟಿದ್ದಳು. ಆಸ್ಪತ್ರೆಗೆ ತಂದು ಇಸಿಜಿ ತೆಗೆದರೆ ಎದೆ ಬಡಿತ ತಪ್ಪುತ್ತಿತ್ತು. ಸಂಜೆಯವರೆಗೆ ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಅವಳನ್ನು ಪರೀಕ್ಷೆಯಿಂದ ತೆಗೆದರು. ಅಷ್ಟು ಪ್ರಮಾಣದ ಮದ್ದನ್ನು ಮತ್ತೆ ಯಾರಿಗೂ ಕೊಡಲಿಲ್ಲ. ನನಗೆ ಎರಡು ತಿಂಗಳ ಮೇಲೆ ಕಡಿಮೆ ಕೊಟ್ಟರು. ಅದು ಹಿಡಿಯಿತೋ ಏನೋ, ಇನ್ನೂ ಇದ್ದೇನೆ.

ಹೆದರಿಕೆಗೆ ಹಾಗಾಗುತ್ತದೆ ಎಂದು ಡಾಕ್ಟರು ಈಗಲೂ ಹೇಳುತ್ತಾರೆ. ಯಾವ ಕೈಯ ಯಾವ ಬೆರಳು ಎಂದು ಹೆದರಿಕೆಗೆ ಗೊತ್ತಿರುತ್ತದೆಯೇ? ನಾದಿನಿ ಅದು ದೈವ ಎನ್ನುತ್ತಾಳೆ. ಅದನ್ನೂ ನಾನು ಒಪ್ಪುವುದಿಲ್ಲ.

ಮರುದಿನ ವಾರ್ಡಿಗೆ ಹೋದರೆ ಐಸಮ್ಮ ಮುಖ ತಿರುಗಿಸಿದಳು. "ನನ್ನ ಮದ್ದು ನಿಲ್ಲಿಸಿದ್ದು ನೀವು" ಎಂದಳು. ಹೌದು, ಇನ್ನೊಮ್ಮೆ ಬೇಕಾದರೂ ನಿಲ್ಲಿಸುತ್ತೇನೆ ಎಂದೆ. ಪಟ್ಟಿ ಕಟ್ಟಿದ ಎರಡು ಬೆರಳನ್ನು ನನ್ನ ಮುಂದೆ ಹಿಡಿದಳು.

"ನಾನು ನನ್ನ ಮಗಳಿಗೂ ಹೇಳ್ಲಿಲ್ಲ ಅಕ್ಕ. ನಿಮಗೆ ಹೇಳಿದ್ದು ಯಾರು?"

ಕ್ಯಾನ್ಸರ್ ಅವಳನ್ನು ಮತ್ತೆ ಐದು ತಿಂಗಳು ಬದುಕಲು ಬಿಟ್ಟಿತು. ನಾನು ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು. ಯಾರೂ ಹೇಳಲಿಲ್ಲ ಮಾರಾಯ್ತಿ ಎಂದರೆ ನಂಬುತ್ತಿರಲಿಲ್ಲ, ಸುಳ್ಳಿ ಎಂದು ಬೈಯುತ್ತಿದ್ದಳು. ಯಾರದಾದರೂ ಒಂದು ಹೆಸರು ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ನಾನು ಹೇಳಲಿಲ್ಲ. ಕೊನೆಯ ದಿನವೂ ಬೈಸಿಕೊಂಡೇ ಬಂದೆ.