ಟೈಲರ್ ಮಾಸ್ತರರ ಹತ್ತು ಗುಂಡಿ
ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಮ್ಯಾಚಿದ್ದ ದಿನ ಟೈಲರ್ ಮಾಸ್ತರರ ಅಂಗಡಿಗೆ ಬೀಗ. ತಂಡ ಸೋತ ವಾರ ಹೊಲಿದ ಅಂಗಿಗಳಿಗೆಲ್ಲ ತೋಳು ಒಂದಿಂಚು ಗಿಡ್ಡ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ತಂಡಕ್ಕೆ ಐದು ಕರಿ, ಇನ್ನೊಂದಕ್ಕೆ ಐದು ಬಿಳಿ ಗುಂಡಿ ಹರಡಿ, ಬಂದವರಿಗೆಲ್ಲ ಪಾಠ ಮಾಡುತ್ತಾರೆ. “ಡಿಫೆನ್ಸ್ ಅನ್ನೋದು ಕೈಯಲ್ಲಲ್ಲ ಕಣಯ್ಯ, ಕಾಲಲ್ಲಿ. ರೀಬೌಂಡಿಗೆ, ಅಂದ್ರೆ ಬುಟ್ಟಿಗೆ ಬಡಿದು ಸಿಡಿದ ಚೆಂಡಿಗೆ, ಹಾರೋ ಮುಂಚೆ ಎದುರಾಳೀನ ಬೆನ್ನಲ್ಲಿ ತಡೀಬೇಕು. ಇಬ್ಬರು ಮೇಲೆ ಬಿದ್ದು ಪ್ರೆಸ್ ಮಾಡಿದ್ರೆ ಗಾಬರಿ ಬೀಳದೆ ಚೆಂಡನ್ನ ಮಧ್ಯಕ್ಕೆ ಎಸೀಬೇಕು.” ಅಂಗಿಗೆ ಕಾದು ಸಾಕಾಗಿದ್ದ ಪಕ್ಕದ ಮನೆಯಾಕೆ ಮೊನ್ನೆ ಕೇಳಿದಳು: “ಪ್ರೆಸ್ ಮುರಿಯೋದ್ರಲ್ಲಿ ನಿಮ್ಮ ಮಗಳದು ಎತ್ತಿದ ಕೈ ಅಂತಿದ್ರಲ್ಲ ಅಣ್ಣ ಜನ, ಅವಳು ಹೇಗೆ ಆಡ್ತಿದ್ಲು?” ಮಾಸ್ತರರು ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. “ಗೊತ್ತಿಲ್ಲಮ್ಮ. ಮೂರು ವರ್ಷ ಆಡಿದ್ಲು. ಹುಡುಗೀರ ಮ್ಯಾಚಿಗೆ ಅಂತ ನಾನು ಒಂದು ದಿನಾನೂ ಅಂಗಡಿ ಮುಚ್ಚಲಿಲ್ಲ.”