ಉಲ್ಟಾ ತಿರುಗಿದ ಬೀಸುವ ಕಲ್ಲು

ಸ್ನೇಹಿತರೇ, ಇವತ್ತು ಯಲ್ದೂರಿನ ನಮ್ಮ ಮನೆ ಜಗುಲಿಯ ಮೇಲೆ ನನ್ನ ಓದು ನಿಂತೇಹೋಗುವುದರಲ್ಲಿತ್ತು. ವಿಶ್ವವಿದ್ಯಾಲಯದಲ್ಲಿ ನಾನು ಓದುವುದು ಎಲೆಕ್ಟ್ರಾನಿಕ್ ಸಂಗೀತ. ಅದರ ಚರಿತ್ರೆ ಕಲಿತರೆ ಸಾಲದು, ನಾವೂ ಒಂದು ಕೃತಿ ಮಾಡಬೇಕು. ಅದಕ್ಕೇ ವಿಭಾಗದ ಸ್ಪೂಲ್ ಟೇಪ್ ರೆಕಾರ್ಡರ್ ಹೊತ್ತುತಂದು, ಅಜ್ಜಿ ರಾಗಿ ಬೀಸುವ ಸದ್ದು ಹಿಡಿದು, ಟೇಪು ಕತ್ತರಿಸಿ ಅಂಟಿಸುತ್ತಿದ್ದೆ.

ಚಿಕ್ಕಪ್ಪ ಬಂದವರೇ ಅಪ್ಪನನ್ನು ಕರೆದರು. “ನೋಡಣ್ಣ, ಸಂಗೀತ ಓದ್ತೀನಿ ಅಂತ ಹೋದೋಳು ಬ್ಲೇಡು ಹಿಡ್ಕೊಂಡು ಕೂತವ್ಳೆ. ಓದು ಬಿಡ್ಸಿ ಮದುವೆ ಮಾಡು.”

ಅಪ್ಪ ನನ್ನ ಮುಖ ನೋಡಿದರು. ನಾನು ಟೇಪು ಹಾಕಿದೆ. ಕಲ್ಲಿನ ಸದ್ದು ಯಾರೋ ಉಸಿರು ಒಳಗೆಳೆದುಕೊಂಡಂತೆ ಕೇಳಿಸಿತು.

“ಇದೇನಮ್ಮಾ ಇದು?” ಎಂದರು ಅಜ್ಜಿ.

“ನೀನು ಬೀಸಿದ್ದೇ ಕಣಜ್ಜಿ. ಉಲ್ಟಾ ತಿರುಗ್ಸಿದೀನಿ.”

“ಉಲ್ಟಾ ಬೀಸಿದ್ರೆ ಹಿಟ್ಟು ವಾಪಸ್ ರಾಗಿ ಆಗ್ತದಾ?”

ಎಲ್ಲರೂ ನಕ್ಕರು. ಅಪ್ಪ ಮಾತ್ರ ಪಕ್ಕದಲ್ಲಿ ಬಂದು ಕೂತು, “ಇನ್ನೊಂದ್ಸಲ ಹಾಕಮ್ಮ” ಎಂದರು. ಮೂರು ಸಲ ಕೇಳಿಸಿಕೊಂಡು ಚಿಕ್ಕಪ್ಪನ ಕಡೆ ತಿರುಗಿದರು. “ಓದ್ಲಿ ಬಿಡೋ. ದಿನಾ ಕೇಳೋ ಸದ್ದು, ಹಿಂಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ.”

ಸಂಜೆಯಿಂದ ಚಿಕ್ಕಪ್ಪ ನನ್ನನ್ನು ತೋಟಕ್ಕೆ ಕರೆಯುತ್ತಿದ್ದಾರೆ. ಅವರ ಪಂಪ್‌ಸೆಟ್ಟು ಇನ್ನೂ ಚೆನ್ನಾಗಿ ಹಾಡುತ್ತದಂತೆ.